ನನ್ನ ತಲೆಯೊಳಗಿನ ಉಗ್ರಾಣಿಗಳವರ ಸನ್ನಿಧಾನಕ್ಕೆ

ಇವರಿಗೆ: ಶ್ರೀಮಾನ್ ಉಗ್ರಾಣಿಗಳವರು, ಪದ ಮತ್ತು ಅರ್ಥಗಳ ದಾಸ್ತಾನು ಕೋಠಿ, ಎಡಗಿವಿಯ ಆಸುಪಾಸು.

ಇವರಿಂದ: ತಮ್ಮನ್ನೇ ನಂಬಿ ಮೂವತ್ತೊಂದು ವರ್ಷ ಕರಡು ತಿದ್ದಿ ನಿವೃತ್ತನಾದ ಒಬ್ಬ ಆಶ್ರಿತ.

ವಿಷಯ: ಜರಡಿ ಸರಬರಾಜಿನಲ್ಲಿ ಆದ ಒಂಬತ್ತು ಗಂಟೆಗಳ ವಿಳಂಬದ ಬಗ್ಗೆ.

ಪೂಜ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ತಮಗೆ ಕಾಗದ ಬರೆಯುವ ಪ್ರಸಂಗ ಬಂದಿರಲಿಲ್ಲ. ಬರೆಯೋಣವೆಂದರೆ ಅದಕ್ಕೆ ಬೇಕಾದ ಪದಗಳನ್ನೂ ತಮ್ಮಲ್ಲೇ ಬೇಡಿ ಪಡೆಯಬೇಕು; ದೂರುದಾರನಿಗೆ ಪೆನ್ನು ಕಾಗದಗಳನ್ನು ಆರೋಪಿಯೇ ಒದಗಿಸುವ ಏರ್ಪಾಡು ಇದು. ಈ ಸಾಲಿನವರೆಗೆ ಕೊಟ್ಟಿದ್ದೀರಿ. ಪತ್ರ ಮುಗಿಯುವ ತನಕ ಕೈಬಿಡಬಾರದೆಂದು ಪ್ರಾರ್ಥನೆ.

ಕಳೆದ ತಿಂಗಳ ಒಂದು ಮಂಗಳವಾರ, ಸಂಜೆ ಐದೂವರೆ. ಪಾತ್ರೆ ಅಂಗಡಿಗೆ ಹೊರಟವನನ್ನು ನನ್ನ ಹೆಂಡತಿ ಬಾಗಿಲಲ್ಲಿ ನಿಲ್ಲಿಸಿ, "ಚೀಟಿ ಬರೆದುಕೊಡಲಾ?" ಎಂದಳು. ಒಂದು ಸಾಮಾನಿಗೆ ಚೀಟಿಯೇ? ಅದೂ ತಾವಿರುವಾಗ? ನಕ್ಕು ಹೊರಟೆ.

"ಏನ್ ಬೇಕಿತ್ತು ಸಾರ್?" ಎಂದ ಅಂಗಡಿ ಹುಡುಗ. ಬಾಯಿ ತೆರೆದೆ. ವಸ್ತುವೇನೋ ಕಣ್ಣಿಗೆ ಕಟ್ಟಿದಂತಿತ್ತು: ಬಳೆಯಂಥ ಅಂಚು, ತಳಕ್ಕೆ ತಂತಿಯ ಬಲೆ, ಅಲ್ಲಾಡಿಸಿದರೆ ಉದುರುವ ರಾಗಿಹಿಟ್ಟು, ಮೇಲೆ ಉಳಿಯುವ ಹೊಟ್ಟು, ಅಂಚಿಗೆ ಅಮ್ಮ ಎರಡು ಬೆರಳಲ್ಲಿ ತಟ್ಟುತ್ತಿದ್ದ ಸದ್ದು ಸಮೇತ. ಹೆಸರೊಂದು ಬಿಟ್ಟು ಎಲ್ಲವನ್ನೂ ಕೊಟ್ಟಿರಿ. ಧಾರಾಳಿಗಳು ತಾವು. "ಅದೇ... ಹಿಟ್ಟು ಸೋಸೋದು" ಎಂದೆ. ಹುಡುಗ ಟೀ ಸೋಸುವುದನ್ನು ತಂದ. "ದೊಡ್ಡದು" ಎಂದೆ. ತರಕಾರಿ ತೊಳೆಯುವ ತೂತಿನ ಬುಟ್ಟಿ ತಂದ. ಆಗ ತಾವು ಕೃಪೆಮಾಡಿ, ಅದು ‘ಜ’ದಿಂದ ಶುರುವಾಗುತ್ತದೆ, ಮೂರಕ್ಷರ, ಎಂಬ ಗುಟ್ಟನ್ನು ಕಿವಿಯಲ್ಲಿ ಉಸುರಿದಿರಿ. ಜೋಳಿಗೆ? ಜಗಲಿ? ಜಾಗಟೆ? ಕೊನೆಯದು ಬಾಯಿಂದ ಜಾರಿಯೇಬಿಟ್ಟಿತು. "ಪೂಜೆ ಸಾಮಾನು ಆ ಕಡೆ ಸಾರ್." ಬೆನ್ನ ಹಿಂದೆ ಇಬ್ಬರು ಗಿರಾಕಿಗಳು ನಿಟ್ಟುಸಿರುಬಿಟ್ಟರು. ಅಷ್ಟರಲ್ಲಿ ಯಾರೂ ಬಾಗಿಲು ತಟ್ಟದಿದ್ದ ಇಂಗ್ಲಿಷ್ ಗೋದಾಮಿನಿಂದ ಒಂದು ಪದವನ್ನು ಓಡಿಸಿದಿರಿ: ಫಿಲ್ಟರ್. ಎರಡಂತಸ್ತಿನ ಸ್ಟೀಲ್ ಕಾಫಿ ಫಿಲ್ಟರ್ ಹಿಡಿದು ಮನೆಗೆ ಬಂದೆ. ಹೆಂಡತಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಏನೂ ಮಾತಾಡಲಿಲ್ಲ. ಆ ಮೌನದ ಅರ್ಥವನ್ನು ಮಾತ್ರ ತಾವು ರೆಪ್ಪೆ ಬಡಿಯುವುದರೊಳಗೆ ಒದಗಿಸಿದಿರಿ.

ಜರಡಿ ಬಂದದ್ದು ರಾತ್ರಿ ಎರಡೂವರೆಗೆ. "ಜರಡಿ!" ಎಂದು ಎದ್ದು ಕೂತೆ. "ಬೆಳಿಗ್ಗೆ ಹೇಳಿ" ಎಂದಿತು ಪಕ್ಕದ ದಿಂಬು.

ಇದು ನನ್ನೊಬ್ಬನ ಮನೆಯ ಉಗ್ರಾಣದ ಹಣೆಬರಹವಲ್ಲ ಎಂಬ ಸಮಾಧಾನ ನನಗಿದೆ. 1966ರಲ್ಲಿ ಹಾರ್ವರ್ಡಿನಲ್ಲಿ ರೋಜರ್ ಬ್ರೌನ್, ಡೇವಿಡ್ ಮೆಕ್‌ನೀಲ್ ಎಂಬಿಬ್ಬರು, ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಅಪರೂಪದ ಪದಗಳ ಅರ್ಥವನ್ನು ಮಾತ್ರ ಓದಿಹೇಳಿ, ಪದ ಯಾವುದು ಹೇಳಿ ನೋಡೋಣ ಎಂದರಂತೆ. ನಾಲಿಗೆಯ ತುದಿಯಲ್ಲಿ ಪದ ಸಿಕ್ಕಿಕೊಂಡು ಒದ್ದಾಡಿದವರು ಅದರ ಮೊದಲಕ್ಷರವನ್ನೂ ಎಷ್ಟು ಉಚ್ಚಾರಾಂಶ ಎಂಬುದನ್ನೂ ಬಹಳ ಸಲ ಸರಿಯಾಗಿ ಊಹಿಸಿದರು. ಅಂದರೆ ತಮ್ಮ ಕೋಠಿಯಲ್ಲಿ ಅರ್ಥಕ್ಕೊಂದು ಕೋಣೆ, ಸದ್ದಿಗೊಂದು ಕೋಣೆ. ನಡುವಿನ ಬಾಗಿಲು ಕೆಲವೊಮ್ಮೆ ಅರ್ಧ ಮಾತ್ರ ತೆರೆಯುತ್ತದೆ. ಆ ಸಂದಿಯಿಂದ ಒಂದು ‘ಜ’ ಕಾಣುತ್ತದೆ. ಆ ದರ್ಶನಭಾಗ್ಯಕ್ಕೆ ನಾನು ಚಿರಋಣಿ. ಬಾಗಿಲನ್ನು ಪೂರ್ತಿ ಮುಚ್ಚಿದ್ದರೆ ಸುಮ್ಮನೆ ವಾಪಸು ಬರುತ್ತಿದ್ದೆ, ನೂರೆಂಬತ್ತು ರೂಪಾಯಿಯಾದರೂ ಉಳಿಯುತ್ತಿತ್ತು.

ಕಳೆಯಲಿಕ್ಕೆ ತಾವು ಆರಿಸಿಕೊಂಡ ಸರಕಾದರೂ ಎಂಥದು! ಋಗ್ವೇದದ ಹತ್ತನೆಯ ಮಂಡಲದ 71ನೆಯ ಸೂಕ್ತದಲ್ಲಿ, ಬಲ್ಲವರು ಮಾತನ್ನು ಹೇಗೆ ರೂಪಿಸಿದರು ಎಂಬುದಕ್ಕೆ ಹೋಲಿಕೆಯಾಗಿ ಬರುವುದು ಹಿಟ್ಟು ಜಾಲಿಸುವ ಜರಡಿ. ಪತಂಜಲಿ ಆ ಮಂತ್ರವನ್ನು ತನ್ನ ಮಹಾಭಾಷ್ಯದ ಆರಂಭದಲ್ಲೇ ಎತ್ತಿಕೊಂಡಿದ್ದಾನೆ. ಮನಸ್ಸು ಮಾತನ್ನು ಸೋಸುವ ಉಪಕರಣ ಜರಡಿ, ಅದನ್ನೇ ಮನಸ್ಸು ಎಲ್ಲಿಟ್ಟೆನೆಂದು ಮರೆತು ಕೂತಿದೆ. ಇದರಲ್ಲಿ ತಮ್ಮ ಹಾಸ್ಯಪ್ರಜ್ಞೆಯೇನಾದರೂ ಇದ್ದರೆ ಅದನ್ನೂ ಮೆಚ್ಚಿದೆ ಎಂದು ದಾಖಲಿಸಿಕೊಳ್ಳಿ.

ಹೋಲಿಸಬಾರದು, ಆದರೂ ನನ್ನ ಮೇಜಿನ ಮೇಲೆ ಕಿಟೆಲ್ ಸಾಹೇಬರ ನಿಘಂಟಿದೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದರ ಮರುಮುದ್ರಣ. ಅಕಾರಾದಿಯಾಗಿ ಎಲ್ಲ ಪದಗಳೂ ಶಾಲಾಮಕ್ಕಳಂತೆ ಸಾಲಾಗಿ ನಿಂತಿರುತ್ತವೆ. ತಮ್ಮಲ್ಲಿ ಆ ಶಿಸ್ತಿಲ್ಲ ಎಂದು ನಾನು ಹೇಳುವುದಿಲ್ಲ. ತಮ್ಮ ಶಿಸ್ತು ಅಮರಸಿಂಹನ ಶಾಲೆಯದು. ಅಮರಕೋಶದಲ್ಲಿ ಪದಗಳು ಅಕ್ಷರದ ಪ್ರಕಾರವಲ್ಲ, ಸಂಸಾರದ ಪ್ರಕಾರ ಕೂತಿವೆ. ಗಿಡಮರಗಳೆಲ್ಲ ವನೌಷಧಿವರ್ಗ, ಮೃಗಪಕ್ಷಿಗಳೆಲ್ಲ ಸಿಂಹಾದಿವರ್ಗ, ಜರಡಿ ಮೊರಗಳು ಅಡುಗೆಮನೆಯ ಪರಿವಾರದೊಂದಿಗೆ ವೈಶ್ಯವರ್ಗದಲ್ಲಿ. ತಮ್ಮಲ್ಲೂ ಹಾಗೆಯೇ: ಯಾವ ಪದವೂ ಒಂಟಿಯಾಗಿ ವಾಸಿಸುವುದಿಲ್ಲ. ಒಂದನ್ನು ಕರೆದರೆ ಓಣಿಯೆಲ್ಲ ಎದ್ದು ಬರುತ್ತದೆ. 1971ರಲ್ಲಿ ಮೇಯರ್ ಮತ್ತು ಶ್ವಾನೆವೆಲ್ಟ್ ಎಂಬವರು ಇದನ್ನು ಅಳೆದೇ ತೋರಿಸಿದರು: ‘ಬ್ರೆಡ್’ ಕಂಡ ಮೇಲೆ ‘ಬೆಣ್ಣೆ’ ಕಂಡರೆ ಅದು ಪದವೆಂದು ಗುರುತಿಸಲು ಹಿಡಿಯುವ ಹೊತ್ತು ಕಡಿಮೆ, ‘ದಾದಿ’ ಕಂಡ ಮೇಲೆ ‘ಬೆಣ್ಣೆ’ ಬಂದರೆ ಹೆಚ್ಚು. ಇಡ್ಲಿ ಎನ್ನುವುದರೊಳಗೆ ಚಟ್ನಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತದೆ. ಎಂಥ ಅತಿಥಿಸತ್ಕಾರ!

ಈ ಸತ್ಕಾರದ ಫಲವಾಗಿ ನಮ್ಮ ಮನೆಯಲ್ಲೀಗ ನಾಲ್ಕು ಲೀಟರ್ ಎಣ್ಣೆ ಹೆಚ್ಚಾಗಿದೆ. ನಡೆದದ್ದನ್ನು ವಿನಯಪೂರ್ವಕ ನಿವೇದಿಸುತ್ತೇನೆ. ಹೆಂಡತಿ ಫೋನಿನಲ್ಲಿ ಹೇಳಿದ್ದು: ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಒಣಮೆಣಸಿನಕಾಯಿ, ಉದ್ದಿನಬೇಳೆ. ನಾನು ಎಲ್ಲವನ್ನೂ ತಂದೆ, ಎಣ್ಣೆಯನ್ನೂ ತಂದೆ. "ಎಣ್ಣೆ ಯಾರು ಹೇಳಿದರು?" "ನೀನೇ ಹೇಳಿದೆ." "ಇಲ್ಲ." "ಹೇಳಿದೆ, ನನ್ನ ಕಿವಿಯಾರೆ ಕೇಳಿದ್ದೇನೆ." ಆಣೆ ಪ್ರಮಾಣದವರೆಗೆ ಹೋಯಿತು. ಅವಳ ದನಿಯಲ್ಲಿ ‘ಎಣ್ಣೆ’ ಎಂದದ್ದು ಈಗಲೂ ನನಗೆ ಕೇಳುತ್ತದೆ. ಹಾಸಿಗೆ, ವಿಶ್ರಾಂತಿ, ಕನಸು, ದಣಿವು ಎಂಬಂಥ ಪದಗಳ ಪಟ್ಟಿ ಓದಿದರೆ, ಅದರಲ್ಲಿಲ್ಲದ ‘ನಿದ್ದೆ’ಯೂ ಇತ್ತೆಂದು ಬಹಳ ಮಂದಿ ಖಂಡಿತವಾಗಿ ಹೇಳುತ್ತಾರೆ ಎಂಬುದನ್ನು ಡೀಸ್ ಎಂಬವರು 1959ರಲ್ಲೂ, ರೋಡಿಗರ್ ಮತ್ತು ಮೆಕ್‌ಡರ್ಮಟ್ 1995ರಲ್ಲೂ ತೋರಿಸಿದ್ದಾರೆ. ಒಗ್ಗರಣೆಯ ಬಳಗವೆಲ್ಲ ಒಟ್ಟಿಗೆ ಬಂದು ನಿಂತಾಗ ಎಣ್ಣೆಯಿಲ್ಲದಿರುವುದನ್ನು ಕಂಡು ತಮಗೆ ಕರುಳು ಚುರುಕ್ ಎಂದಿರಬೇಕು. ಖಾಲಿ ಜಾಗದಲ್ಲಿ ತಾವೇ ಅದನ್ನು ಕೂರಿಸಿದಿರಿ. ಬೇಡದ್ದನ್ನು ಹೀಗೆ ಹೆಂಡತಿಯ ದನಿಯಲ್ಲೇ ತಲುಪಿಸಬಲ್ಲವರು, ಕೇಳಿದ ಜರಡಿಯನ್ನು ಬರೀ ನನ್ನ ದನಿಯಲ್ಲಾದರೂ ತಲುಪಿಸಬಹುದಿತ್ತಲ್ಲವೇ? ಪ್ರಶ್ನೆಯನ್ನು ಧಾರ್ಷ್ಟ್ಯವೆಂದು ಭಾವಿಸಬಾರದು.

ತಮ್ಮ ಕಾವಲಿನ ಬಗ್ಗೆಯೂ ಎರಡು ಮಾತು ಹೊಗಳಲೇಬೇಕು. 1980ರಲ್ಲಿ ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ ಎಂಬವರು ಜನರ ನೆತ್ತಿಗೆ ವಿದ್ಯುತ್ ತಂತಿ ಅಂಟಿಸಿ, ಬಿಸಿ ಬ್ರೆಡ್ಡಿಗೆ ಒಬ್ಬಾತ ಕಾಲುಚೀಲ ಸವರಿದ ಎಂಬ ಅರ್ಥದ ವಾಕ್ಯವನ್ನು ಒಂದೊಂದೇ ಪದವಾಗಿ ಓದಿಸಿದರು. ಕಾಲುಚೀಲ ಕಂಡು ಸುಮಾರು 400 ಮಿಲಿಸೆಕೆಂಡಿಗೆ, ಅಂದರೆ ಅರ್ಧ ಸೆಕೆಂಡೂ ಆಗುವ ಮೊದಲು, ಮಿದುಳಿನ ಅಲೆ ಋಣದ ಕಡೆಗೆ ಜಗ್ಗಿತು. ‘ಇದು ಇಲ್ಲಿಯದಲ್ಲ’ ಎಂದು ಅಷ್ಟು ಬೇಗ ಹುಬ್ಬು ಗಂಟಿಕ್ಕುವ ಕಾವಲುಗಾರರು ತಾವು. ಕರಡು ತಿದ್ದುವವನಿಗೆ ಇದಕ್ಕಿಂತ ದೊಡ್ಡ ಆಸ್ತಿ ಉಂಟೇ?

ಆ ಆಸ್ತಿಯ ಮೇಲೆ ನಿಶ್ಚಿಂತೆಯಿಂದ ಒರಗಿ ನಾನು ಮಕ್ಕಳ ಕಥೆಯ ಪುಸ್ತಕವೊಂದರ ಕರಡು ತಿದ್ದಿದ್ದೆ. ಮೂರು ಸಲ. ಕೆಂಪು ಶಾಯಿಯಲ್ಲಿ ಹನ್ನೊಂದು ಅಲ್ಪವಿರಾಮ ಸರಿಮಾಡಿದ್ದೆ, ಒಂದು ಅರ್ಕಾವತ್ತಿನ ಜಾಗ ಬದಲಿಸಿದ್ದೆ. ಅಚ್ಚಾಗಿ ಬಂದ ತಿಂಗಳಿಗೆ ಪ್ರಕಾಶಕರಿಗೊಂದು ಅಂಚೆಕಾರ್ಡು ಬಂತು, ನಾಲ್ಕನೆಯ ತರಗತಿಯ ಹುಡುಗಿಯದು: "ಸಂಜೀವಿನಿ ಬೆಟ್ಟವನ್ನು ಹೊತ್ತು ತಂದವನು ಭೀಮ ಅಂತ ಇದೆ. ನಮ್ಮ ಅಜ್ಜಿ ಹನುಮಂತ ಅಂತಾರೆ. ಯಾರು ಸರಿ?" ಕಾಲುಚೀಲಕ್ಕೆ ಬೊಗಳುವ ತಾವು ಭೀಮನಿಗೆ ಬಾಲ ಆಡಿಸಿ ಒಳಗೆ ಬಿಟ್ಟಿದ್ದಿರಿ. ಅವನೂ ವಾಯುಪುತ್ರ, ಇವನೂ ವಾಯುಪುತ್ರ; ಇಬ್ಬರ ಕೈಯಲ್ಲೂ ಗದೆ; ಮನೆತನ ಸರಿಯಾಗಿದೆ, ಬರಲಿ ಬಿಡಿ ಎಂದಿರಿ. ಪಾಶ್ಚಾತ್ಯರನ್ನು ಅವರ ಉಗ್ರಾಣಿಗಳು ಇದೇ ರೀತಿ ಗೌರವಿಸಿದ್ದಾರೆ: ಮೋಸೆಸ್ ತನ್ನ ನಾವೆಗೆ ಪ್ರತಿ ಜಾತಿಯ ಎಷ್ಟು ಪ್ರಾಣಿಗಳನ್ನು ಹತ್ತಿಸಿಕೊಂಡ ಎಂದು 1981ರಲ್ಲಿ ಎರಿಕ್ಸನ್ ಮತ್ತು ಮ್ಯಾಟ್ಸನ್ ಕೇಳಿದರೆ, ಬೈಬಲ್ ಚೆನ್ನಾಗಿ ಗೊತ್ತಿದ್ದವರೂ "ಎರಡು" ಎಂದರು. ನಾವೆ ನೋಹನದು. ಅಂತೂ ತಾವು ಪ್ರತಿ ಪದದ ಗುರುತಿನ ಚೀಟಿ ಕೇಳುವುದಿಲ್ಲ, ಮುಖಚಹರೆ ನೋಡಿ ಒಳಗೆ ಬಿಡುತ್ತೀರಿ. ಹುಡುಗಿಗೆ ನಾನೇ ಉತ್ತರ ಬರೆದೆ: ಅಜ್ಜಿ ಸರಿ.

ಒಂದು ಕೇಳಿದರೆ ಎರಡು ಕೊಡುವ ತಮ್ಮ ಔದಾರ್ಯಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಟಿವಿಯವನು "ನೆರೆ" ಎಂದ ಕೂಡಲೇ ಪ್ರವಾಹವನ್ನೂ ಪಕ್ಕದ ಮನೆಯನ್ನೂ ಒಟ್ಟಿಗೆ ಎಬ್ಬಿಸುತ್ತೀರಿ. (ನಮ್ಮ ಪಕ್ಕದ ಮನೆಯವರ ಮಟ್ಟಿಗೆ ಎರಡೂ ಹೊಂದುತ್ತದೆ, ಆ ಮಾತು ಬೇರೆ.) ಅಮ್ಮ "ಏಳು, ಏಳಾಯ್ತು" ಎಂದು ಎಬ್ಬಿಸುತ್ತಿದ್ದಾಗ ಯಾವ ಏಳು ಗಡಿಯಾರದ್ದು, ಯಾವ ಏಳು ಹಾಸಿಗೆಯದು ಎಂದು ನಿದ್ದೆಗಣ್ಣಲ್ಲೂ ವಿಂಗಡಿಸಿಕೊಟ್ಟವರು ತಾವು. ವಿಂಗಡಿಸುವ ಮುನ್ನ ಎರಡನ್ನೂ ಸುರಿಯುತ್ತೀರಿ ಎಂಬುದು ಡೇವಿಡ್ ಸ್ವಿನ್ನಿಯವರ 1979ರ ಪ್ರಯೋಗದಿಂದ ಬಯಲಾಯಿತು. ಇಂಗ್ಲಿಷಿನ ‘ಬಗ್’ ಹುಳವೂ ಹೌದು, ಗೋಡೆಯಲ್ಲಿ ಅಡಗಿಸಿದ ಕಳ್ಳಕಿವಿಯೂ ಹೌದು. ಜೇಡ, ಜಿರಲೆಗಳ ಮಾತಿನ ನಡುವೆ ಆ ಪದ ಬಂದರೂ ಕೇಳುಗರ ತಲೆಯಲ್ಲಿ ಆ ಕ್ಷಣ ಹುಳ, ಗೂಢಚಾರ ಇಬ್ಬರೂ ಎದ್ದು ನಿಂತಿದ್ದರು. ಮೂರು ಉಚ್ಚಾರಾಂಶ ಕಳೆಯುವಷ್ಟರಲ್ಲಿ ಗೂಢಚಾರ ಸದ್ದಿಲ್ಲದೆ ಕೂತುಬಿಟ್ಟಿದ್ದ. ಹಾಗಾದರೆ ಹುಟ್ಟಿದಾಗಿನಿಂದ ನಾನು ಕೇಳಿಸಿಕೊಂಡ ಪ್ರತಿ ‘ಹತ್ತು’ವಿನ ಹಿಂದೆಯೂ ಒಂದು ಬಸ್ಸಿನ ಮೆಟ್ಟಿಲು, ಪ್ರತಿ ‘ಆರು’ವಿನ ಹಿಂದೆ ಒಂದು ನಂದುತ್ತಿರುವ ದೀಪ ಕ್ಷಣಕಾಲ ಬಂದು ಹೋಗಿರಬೇಕು. ನನ್ನ ಗಮನಕ್ಕೆ ತಾರದೆ ಇಷ್ಟೊಂದು ಓಡಾಟ ನಡೆಸುತ್ತಿದ್ದೀರೆಂದು ಓದಿದ ದಿನ, ಬಾಡಿಗೆದಾರ ಯಾರು, ಮನೆ ಯಜಮಾನ ಯಾರು ಎಂದು ಒಮ್ಮೆ ಗೊಂದಲವಾಯಿತು.

ಹಣ್ಣುಕಾಯಿಯ ವಿಷಯದಲ್ಲಿ ತಮ್ಮದಲ್ಲ, ನನ್ನದೇ ತಪ್ಪು. ಪುಣೆಯಲ್ಲಿ ಬೆಳೆದ ತಂಗಿಯ ಮಗಳಿಗೆ "ದೇವಸ್ಥಾನಕ್ಕೆ ಹಣ್ಣುಕಾಯಿ ತಗೊಂಡು ಬಾ" ಎಂದೆ. ಅವಳು ಒಂದು ಸೇಬು, ಎರಡು ಮಾವಿನಕಾಯಿ ತಂದಳು. ನಿಘಂಟಿನ ಪ್ರಕಾರ ಅವಳದು ನೂರಕ್ಕೆ ನೂರು ಸರಿ. ಆದರೆ ಹಣ್ಣೆಂದರೆ ಬಾಳೆ, ಕಾಯೆಂದರೆ ತೆಂಗು ಎಂದು ನನ್ನ ತಲೆಯಲ್ಲಿ ತಾವು ಯಾವ ಅಧಿಸೂಚನೆಯನ್ನೂ ಹೊರಡಿಸದೆ ಪಟ್ಟ ಕಟ್ಟಿಬಿಟ್ಟಿದ್ದೀರಿ. ಒಂದು ಗುಂಪಿನ ಎಲ್ಲರೂ ಮನಸ್ಸಿಗೆ ಸಮಾನರಲ್ಲ, ಒಬ್ಬರು ಗದ್ದುಗೆಯ ಮೇಲೆ, ಉಳಿದವರು ಅಷ್ಟಷ್ಟು ದೂರದಲ್ಲಿ ಎಂದು 1970ರ ದಶಕದಲ್ಲಿ ಎಲಿನರ್ ರಾಶ್ ವಿವರಿಸಿದ್ದು ಇದನ್ನೇ. ಅವರ ಅಮೆರಿಕದಲ್ಲಿ ಹಣ್ಣಿನ ಗದ್ದುಗೆ ಕಿತ್ತಳೆ, ಸೇಬುಗಳದು. ಅರ್ಚಕರು ಮಾವಿನಕಾಯಿಯನ್ನು ಹಿಡಿದು, ಇದನ್ನು ಯಾವ ಕಲ್ಲಿಗೆ ಒಡೆಯಲಿ ಎಂಬಂತೆ ನನ್ನ ಮುಖ ನೋಡಿದರು.

ಹೆಸರುಗಳ ಬಗ್ಗೆ ಬರೆದು ಪ್ರಯೋಜನವಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರ ವೃತ್ತಿ, ಊರು, ಸಕ್ಕರೆ ಕಾಯಿಲೆಯ ಮಟ್ಟ ಎಲ್ಲ ಕೊಡುತ್ತೀರಿ, ಹೆಸರು ಕೊಡುವುದಿಲ್ಲ. ಬಡಿಗತನ ಮಾಡುವವರೆಂದರೆ ಉಳಿ, ಹತ್ತರಿ, ಮರದ ಹೊಟ್ಟಿನ ವಾಸನೆ ಸಮೇತ ನೆನಪಿಡುತ್ತೀರಿ. ಬಡಿಗೇರ ಎಂಬುದು ಬ್ಯಾಂಕಿನವರೊಬ್ಬರ ಅಡ್ಡಹೆಸರಾದರೆ ಊಟದ ಪಂಕ್ತಿ ಏಳುವುದರೊಳಗೆ ಒರೆಸಿಹಾಕುತ್ತೀರಿ. ಒಂದೇ ಪದ, ಎರಡು ನ್ಯಾಯ. ಸಂಗಡಿಗರಿಲ್ಲದ ಪದವನ್ನು ತಾವು ಅನಾಥವೆಂದು ಹೊರಗೆ ಮಲಗಿಸುತ್ತೀರೆಂದು ತೋರುತ್ತದೆ.

ಅರ್ಥಗಳನ್ನು ಎಲ್ಲಿ ಇಟ್ಟಿದ್ದೀರೆಂದು ತಿಳಿಯಲು ಬಂದವರನ್ನೂ ತಾವು ನಿರಾಶೆಗೊಳಿಸಿಲ್ಲ, ಸುತ್ತಾಡಿಸಿದ್ದೀರಿ. 2016ರಲ್ಲಿ ಬರ್ಕ್ಲಿಯವರು ಏಳು ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಎರಡು ಗಂಟೆಗೂ ಹೆಚ್ಚು ಕಾಲ ಕಥೆ ಕೇಳಿಸಿ ನಕ್ಷೆ ಬರೆದರು. ನೋಡಿದರೆ ಸರಕು ಎಡ ಬಲ ಎರಡೂ ಭಾಗಗಳ ತುಂಬ ಹರಡಿಕೊಂಡಿದೆ. ಪತ್ರದ ಮೇಲೆ ‘ಎಡಗಿವಿಯ ಆಸುಪಾಸು’ ಎಂದು ವಿಳಾಸ ಬರೆದದ್ದೇ ನನ್ನ ಅಜ್ಞಾನ. ಇನ್ನು ಕೇಂಬ್ರಿಜ್‌ನವರು 2004ರಲ್ಲಿ ಕಂಡದ್ದು: ಒದೆ ಎಂಬರ್ಥದ ಪದವನ್ನು ಸುಮ್ಮನೆ ಓದಿದರೂ ಕಾಲನ್ನು ಆಡಿಸುವ ಭಾಗದ ಸುತ್ತ ಚಟುವಟಿಕೆ, ನೆಕ್ಕು ಎಂಬರ್ಥದ್ದಕ್ಕೆ ಮುಖದ ಭಾಗದಲ್ಲಿ. ಪಕ್ಕದ ಮನೆಯವರ ಬಗ್ಗೆ ಯೋಚಿಸುವಾಗ ನನ್ನ ಮನಸ್ಸಿಗೆ ಬರುವ ಕ್ರಿಯಾಪದಗಳನ್ನು ನೆನೆದರೆ, ತಾವು ಈವರೆಗೆ ಕಾಲನ್ನು ತಡೆದು ನಿಲ್ಲಿಸಿರುವುದು ಉಪಕಾರವೇ.

ಇಷ್ಟು ಹೊತ್ತೂ ತಮಾಷೆಗೆ ಬರೆದದ್ದನ್ನು ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನಿಜವಾಗಿ ಕೇಳಬೇಕಾದದ್ದು ನಮ್ಮ ದೊಡ್ಡಮ್ಮನ ಬಾಬ್ತು.

ಶೃಂಗೇರಿ ಕಡೆಯ ತೋಟದ ಮನೆಯವಳು. ಓದು ಮೂರನೆಯ ತರಗತಿ. ಹಿತ್ತಿಲಲ್ಲಿ ಕೂಗಿದ ಹಕ್ಕಿ ಕಾಜಾಣವೋ, ಪಿಕಳಾರವೋ, ಮಡಿವಾಳವೋ, ಕೆಂಬೂತವೋ ಎಂದು ಒಲೆಯ ಮುಂದೆ ಕೂತೇ ಹೇಳುತ್ತಿದ್ದಳು. ಅವಳ ಉಗ್ರಾಣಿಗಳು, ತಮ್ಮ ಸಹೋದ್ಯೋಗಿಗಳು, ಎಪ್ಪತ್ತು ದಾಟುವುದರೊಳಗೆ ಕೋಠಿ ಖಾಲಿ ಮಾಡತೊಡಗಿದರು. ಕೆಲಸವನ್ನು ಬಹಳ ಕ್ರಮವಾಗಿ ಮಾಡಿದರು, ಅಷ್ಟನ್ನು ಒಪ್ಪಬೇಕು. ಮೊದಲು ಕಾಜಾಣ ಹೋಯಿತು, ಪಿಕಳಾರ ಹೋಯಿತು, ಎಲ್ಲವೂ ‘ಹಕ್ಕಿ’ಯಾದವು. ಮರುವರ್ಷ ಹಕ್ಕಿಯೂ ಹೋಗಿ ಅಂಗಳದ ಕೋಳಿ, ಬೇಲಿಯ ಓತಿಕ್ಯಾತ, ಕೊಟ್ಟಿಗೆಯ ಕರು ಎಲ್ಲಕ್ಕೂ ‘ಪ್ರಾಣಿ’. ಆಮೇಲೆ ‘ಅದು’. 1975ರಲ್ಲಿ ಲಂಡನ್ನಿನ ಎಲಿಜಬೆತ್ ವಾರಿಂಗ್ಟನ್ ಬರೆದಿಟ್ಟದ್ದು ಇಂಥ ಮೂವರು ರೋಗಿಗಳ ಬಗ್ಗೆ: ಬಿಡಿವಿವರ ಮೊದಲು ಕಳಚುತ್ತದೆ, ದೊಡ್ಡ ಜಾತಿಯ ಹೆಸರು ಕೊನೆಯವರೆಗೆ ತಡೆದುಕೊಳ್ಳುತ್ತದೆ. ಕೆಲವರ ಮಿದುಳಿಗೆ ಪೆಟ್ಟಾದಾಗ ಅಮರಕೋಶದ ಒಂದೇ ವರ್ಗವನ್ನು ಹರಿದು ಒಯ್ದಂತಾಗುವುದೂ ಉಂಟು. 1985ರಲ್ಲಿ ವರದಿಯಾದ ಒಬ್ಬಾತ ಮಣಿಚೌಕಟ್ಟು, ಸ್ಫಿಂಕ್ಸ್‌ಗಳ ಚಿತ್ರ ನೋಡಿ ಹೆಸರು ಹೇಳುತ್ತಿದ್ದ, ಕಿತ್ತಳೆಯ ಚಿತ್ರಕ್ಕೆ ಹೇಳಲಾಗುತ್ತಿರಲಿಲ್ಲ. ದೊಡ್ಡಮ್ಮನದು ಹಾಗಲ್ಲ. ಅವಳದು ಇಡೀ ಕೋಶ, ಹಾಳೆಯಿಂದ ಹಾಳೆಗೆ.

ಕಡುಬಿಗೆ ಅಕ್ಕಿಹಿಟ್ಟು ಮಾಡಿದ ದಿನ ಅವಳ ಪಕ್ಕ ಕೂತಿದ್ದೆ. "ದೊಡ್ಡಮ್ಮ, ಜರಡಿ ಕೊಡಲಾ?" ಎಂದೆ.

"ಜರಡಿ," ಎಂದಳು. ಸ್ಪಷ್ಟವಾಗಿ, ಒಂದಕ್ಷರ ತಪ್ಪಿಲ್ಲದೆ. ಆಮೇಲೆ ನನ್ನ ಮುಖ ನೋಡಿ ಕೇಳಿದಳು: "ಜರಡಿ ಅಂದರೆ ಎಂತದು?"

ಅಂಗಡಿಯಲ್ಲಿ ನನಗೆ ವಸ್ತುವನ್ನು ಕೊಟ್ಟು ಸದ್ದನ್ನು ಬಚ್ಚಿಟ್ಟಿರಿ. ಅವಳಿಗೆ ಸದ್ದನ್ನು ಕೈಯಲ್ಲಿಟ್ಟು ಒಳಗಿನದನ್ನು ಒಯ್ದಿದ್ದರು. ಮೂರಕ್ಷರದ ಆ ಖಾಲಿ ಡಬ್ಬಿಯನ್ನು ಅವಳು ಎರಡು ಮೂರು ಸಲ ಅಲ್ಲಾಡಿಸಿ ನೋಡಿದಳು, "ಜರಡಿ... ಜರಡಿ..." ಎಂದು. ನಾನು ಎದ್ದುಹೋಗಿ ಮೊಳೆಯಲ್ಲಿ ನೇತಾಡುತ್ತಿದ್ದುದನ್ನು ತಂದು ಕೈಗೆ ಕೊಟ್ಟೆ. ಐವತ್ತು ವರ್ಷ ಅವಳದೇ ಕೈಯಲ್ಲಿ ಸವೆದದ್ದು. ಹಿಟ್ಟು ಸುರಿದುಕೊಂಡಳು, ಆಡಿಸಿದಳು, ಅಂಚಿಗೆ ಎರಡು ಬೆರಳಲ್ಲಿ ತಟ್ಟಿದಳು. ಮೇಲುಳಿದ ನುಚ್ಚನ್ನು ಬೇರೆ ತಟ್ಟೆಗೆ ಹಾಕಿ, "ಅದನ್ನ ಅಲ್ಲೇ ಇಡು," ಎಂದು ನನ್ನ ಕೈಗೆ ವಾಪಸು ಕೊಟ್ಟಳು.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟೇ. ಕೋಠಿ ತೆರವು ಮಾಡುವ ಆದೇಶ ತಮಗೂ ಒಂದು ದಿನ ಬರಬಹುದು. ಬಂದರೆ, ಈ ಆಶ್ರಿತನ ಸವಿನಯ ಕೋರಿಕೆಯಂತೆ ಒಟಿಪಿ, ಕೆವೈಸಿ, ಇಎಂಐ ಮುಂತಾದ ಸರಕನ್ನು ಮೊದಲ ಗಾಡಿಗೇ ಹೇರಬೇಕು. ಎರಡನೆಯದಕ್ಕೆ ವ್ಯಾಕರಣದ ಪಾರಿಭಾಷಿಕಗಳು, ಬೇಕಾದರೆ ಬೇಗ ಒಯ್ಯಿರಿ. ಕಾಜಾಣ, ಪಿಕಳಾರಗಳು ನನಗೆ ದೊಡ್ಡಮ್ಮ ಕೊಟ್ಟವು. ಅವನ್ನು ಆದಷ್ಟು ತಡವಾಗಿ ಮುಟ್ಟಿ. ಹೆಂಡತಿಯ ಹೆಸರು ಕಟ್ಟಕಡೆಗೆ. ಅದನ್ನು ಅಂಗಡಿಯಲ್ಲಿ ನಿಂತು ವಿವರಿಸಲಾಗುವುದಿಲ್ಲ. ಜರಡಿಯನ್ನು ಯಾವಾಗ ಬೇಕಾದರೂ ಒಯ್ಯಬಹುದು. ಅದಿಲ್ಲದೆ ಒಂಬತ್ತು ಗಂಟೆ ಕಳೆದು ನನಗೆ ಅಭ್ಯಾಸವಾಗಿದೆ, ವಸ್ತುವೂ ಈಗ ಅಡುಗೆಮನೆಯ ಮೊಳೆಯಲ್ಲಿದೆ. ಮರುದಿನ ಹೆಂಡತಿಯೇ ಹೋಗಿ ತಂದಳು, ಚೀಟಿಯಿಲ್ಲದೆ.

ಇಂತಿ ತಮ್ಮ ಪಾದಸೇವಕ,
(ಹೆಸರನ್ನು ತಾವೇ ತುಂಬಿಕೊಳ್ಳುವುದು)